ಮೂರು ಕೊಟೇಷನ್, ಒಂದು ಕ್ಯಾಲ್ಕುಲೇಟರ್

ಮಾರ್ಚ್ 24, ಸೋಮವಾರ. ಮಧುಗಿರಿ

ಮತ್ತೆ ಪರ್ಚೇಸ್ ಕಮಿಟಿ. ಕಮಿಟಿ ಅಂದರೆ ಪ್ರಿನ್ಸಿಪಾಲ್ ರೇಣುಕಪ್ರಸಾದ್, ಗುಮಾಸ್ತ ತಿಪ್ಪೇಶ, ಗಣಿತಕ್ಕೆ ನಾನು. ಕೊಳ್ಳಬೇಕಾದ್ದು ಒಂದೇ ಒಂದು ಗ್ರಾಫಿಂಗ್ ಕ್ಯಾಲ್ಕುಲೇಟರ್ — ಸೆಕೆಂಡ್ ಪಿಯುಸಿ ಭುವನಾಗೆ. ಏಪ್ರಿಲ್ 20ಕ್ಕೆ ಅವಳ ಸ್ಕಾಲರ್‌ಶಿಪ್ ಪರೀಕ್ಷೆ. ಗೆದ್ದರೆ ಡಿಗ್ರಿ ಖರ್ಚು ಪೂರ್ತಿ ಸ್ಕಾಲರ್‌ಶಿಪ್ ಕೊಡುವವರದು. ಇಲ್ಲದಿದ್ದರೆ ಜೂನ್‌ನಿಂದ ಗಾರ್ಮೆಂಟ್ಸ್ ಬಸ್ಸು.

ಪ್ರಿನ್ಸಿಪಾಲರ ಪ್ರಶ್ನೆ: "ಗ್ರಾಫ್ ಶೀಟ್ ಸಾಕಾಗಲ್ವಾ ಮೇಡಂ?" ಎಂಎಸ್ಸಿ ಓದಿದವರು ಇವರು! ಅರವತ್ತಕ್ಕೆ ಎರಡು ವರ್ಷ ಮೊದಲೇ ಅರಳು ಮರಳು.

ಮಾರ್ಚ್ 26

ಮೂರು ಮಾಡೆಲ್ ಹೋಲಿಸಿದೆ. ಮೊದಲನೆಯದು ಕಪ್ಪು-ಬಿಳುಪು, ನಿಧಾನ, ಹಳೇ ಟಿವಿ ರಿಮೋಟಿನ ಹಾಗಿದೆ. ಎರಡನೆಯದಕ್ಕೆ ಬಣ್ಣದ ಸ್ಕ್ರೀನು, ಅಷ್ಟೇ. ಮೂರನೆಯದು... ಅದು ಯಂತ್ರ! ಗ್ರಾಫ್ ಬಿಡಿ, ಸಮೀಕರಣವನ್ನೇ ಬಿಡಿಸಿ ಕೊಡುತ್ತದೆ.

ತಿಪ್ಪೇಶ: "ಮೂರು ಕೊಟೇಷನ್‌ನಲ್ಲಿ ರೇಟ್ ಕಮ್ಮಿ ಇರೋದೇ ತಗೋಬೇಕು ಮೇಡಂ, ರೂಲು." ಈ ಮನುಷ್ಯನ ತಲೆಯಲ್ಲಿ ಇರುವುದು ಅದೊಂದೇ. ಸೀಮೆಸುಣ್ಣ ತರುವುದೂ ಹಾಗೆಯೇ. ಬರೆದರೆ ಅಕ್ಷರ ಮೂಡುವುದಿಲ್ಲ, ಕೀರಲು ಸದ್ದು ಮಾತ್ರ.

ಮಾರ್ಚ್ 27

ಉಪಾಯ ಎಲ್ಲರೂ ಮಾಡುವಂಥದ್ದೇ. ಮೂರನೆಯ ಮಾಡೆಲಿಗೇ ಮೂರು ಕೊಟೇಷನ್. ಶಿರಾದ ಅಂಗಡಿಯವನು ತನ್ನದೊಂದು ಕೊಟ್ಟು, ಬೇರೆ ಎರಡು ಲೆಟರ್‌ಹೆಡ್‌ನಲ್ಲಿ ಹೆಚ್ಚಿನ ರೇಟು ಬರೆಸಿಕೊಟ್ಟ. "ಫಿಕರ್ ಮಾಡ್ಬೇಡಿ ಮೇಡಂ, ನಮ್ಗೆ ಇದು ಡೈಲಿ ಕೆಲ್ಸ." ತಿಪ್ಪೇಶನ ರೂಲೂ ಉಳಿಯಿತು, ನನ್ನ ಮಾಡೆಲೂ ಬಂತು. ಪ್ರಿನ್ಸಿಪಾಲ್ ಓದದೆ ಸಹಿ ಹಾಕಿದರು. ಕುರಿಗಳು.

ಸಂಜೆ ಭುವನಾ ಬಂದಳು, ಕೈಯಲ್ಲಿ ಪ್ರಿಂಟ್‌ಔಟ್. "ಮೇಡಂ, ಪರೀಕ್ಷೆಗೆ ಯಾವ್ಯಾವ ಮಾಡೆಲ್ ತರಬೌದು ಅಂತ ಲಿಸ್ಟ್ ಕೊಟ್ಟವ್ರೆ. ಒಂದ್ಸಲ ನೋಡ್ತೀರಾ?"

"ಇಪ್ಪತ್ತೆರಡು ವರ್ಷ ಪಾಠ ಮಾಡಿದವಳಿಗೆ ಲಿಸ್ಟ್ ತೋರಿಸ್ತೀಯಾ? ಹೋಗಿ ಓದ್ಕೋ."

ಹೋದಳು. ಅವಳ ಊರು ತಿರುಮಣಿ ಕಡೆ ಮಕ್ಕಳಿಗೆ ವಿನಯವಾದರೂ ಇದೆ.

ಏಪ್ರಿಲ್ 5

ಬಂತು. ಪ್ರಿನ್ಸಿಪಾಲ್ ಸ್ಕ್ರೀನಿಗೇ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದರು. ಥೂ! ಒರೆಸಿ ಭುವನಾ ಕೈಗೆ ಕೊಟ್ಟೆ.

ಏಪ್ರಿಲ್ 21, ಸಂಜೆ 6

ನಿನ್ನೆ ಸೆಂಟರಿನ ಬಾಗಿಲಲ್ಲೇ ಕ್ಯಾಲ್ಕುಲೇಟರ್ ಕಿತ್ತಿಟ್ಟುಕೊಂಡರಂತೆ. ಸಮೀಕರಣ ತಾನೇ ಬಿಡಿಸುವ ಮಾಡೆಲಿಗೆ ಅನುಮತಿ ಇಲ್ಲ. ಮೂವತ್ತು ಪ್ರಶ್ನೆಯಲ್ಲಿ ಹದಿನಾಲ್ಕನ್ನು ಅವಳು ಮುಟ್ಟಲೇ ಆಗಲಿಲ್ಲ. ಹೋಯಿತು.

ಲಿಸ್ಟು ಇವತ್ತು ಓದಿದೆ. ಕಪ್ಪು-ಬಿಳುಪಿನದಕ್ಕೆ ಅನುಮತಿ ಇತ್ತು. ರೇಟು ಕಮ್ಮಿ ಇದ್ದದ್ದೂ ಅದೇ.

ಪ್ರಿನ್ಸಿಪಾಲ್ ಎಲ್ಲರೆದುರು ಕೇಳಿದರು, ತಪ್ಪು ಯಾರದು ಅಂತ. "ನಾನೇ ಸರ್ಯಾಗಿ ಹೇಳ್ಲಿಲ್ಲ ಸಾರ್" ಅಂದಳು ಭುವನಾ. ನನ್ನ ಕಡೆ ನೋಡಲೂ ಇಲ್ಲ. ಊರಿನವರನ್ನೆಲ್ಲ ಛೀ ಥೂ ಅನ್ನುವ ನನ್ನ ಬಾಯಿಗೆ ಆಗ ಏನಾಗಿತ್ತು? ನಾಚಿಕೆಗೆಟ್ಟವಳು.

ಈಗ ಅವರ ಮನೆಗೆ ಫೋನ್ ಮಾಡಿದೆ. ತಾಯಿ ಗಂಗಲಕ್ಷ್ಮಮ್ಮ ಎತ್ತಿಕೊಂಡರು. ನಾನು ಮಾತು ಶುರು ಮಾಡುವ ಮೊದಲೇ — "ನೀವ್ ಬೇಜಾರ್ ಮಾಡ್ಕೋಬ್ಯಾಡಿ ಮೇಡಂ. ಅಷ್ಟ್ ಒಳ್ಳೇ ಮಿಷಿನ್ ಕೊಡ್ಸುದ್ರಿ, ಇವ್ಳು ಹಿಂಗ್ ಮಾಡ್ಕಂಡ್ ಬಂದವ್ಳೆ. ಕೆನ್ನೆಗೆ ಎಲ್ಡ್ ಬುಟ್ಟಿವ್ನಿ."

ಹಿಂದೆ ಯಾರೋ ಮೂಗು ಎಳೆದ ಸದ್ದು.

"ಅಮ್ಮಾ, ಹೊಡೀಬೇಡಿ, ಕೇಳಿ ಇಲ್ಲಿ" ಅಂದೆ. "ತಪ್ಪು..." ಅಂದೆ. ಆಮೇಲೆ ಒಂದೇ ಉಸಿರಿಗೆ, "ತಪ್ಪು ನಂದು, ಅವಳು ಲಿಸ್ಟ್ ತಂದಿದ್ಲು, ನಾನೇ ನೋಡ್ಲಿಲ್ಲ" ಅಂದೆ.