ಒಂದೇ ತೊಟ್ಟು ಲವಂಗದೆಣ್ಣೆ

ಅಕ್ಕಾ,

ಸುಖವಾಗಿ ತಲುಪಿ, ಕಟ್ಟಡ ಕೆಲಸದವರ ಕ್ಯಾಂಟೀನಿನಲ್ಲಿ ಅಡುಗೆ ಕೆಲಸಕ್ಕೆ ಸೇರಿದ್ದೇನೆ. ನಿನ್ನೆ ಹಲ್ಲುನೋವು ತಡೆಯಲಾರದೆ ನೀನು ಕೊಟ್ಟ ಲವಂಗದೆಣ್ಣೆ ಹಚ್ಚಿದೆ. ಹತ್ತಿಗೆ ಒಂದೇ ತೊಟ್ಟು ಎಂದಿದ್ದೆ ನೀನು. ನಾನೋ ಹತ್ತಿಯನ್ನೇ ಅದ್ದಿ ತೆಗೆದೆ. ನೋವಿನ ಜೊತೆ ನಾಲಿಗೆಯೂ ಮರಗಟ್ಟಿತು. ಎಷ್ಟು ರುಚಿ ನೋಡಿದರೂ ಸೂಪು ಸಪ್ಪೆ ಎನಿಸಿ ನಾಲ್ಕು ಸಲ ಉಪ್ಪು ಸುರಿದೆ!

ಮೊದಲ ಗುಟುಕಿಗೇ ಮೇಸ್ತ್ರಿ ಕಣ್ಣು ಕಣ್ಣು ಬಿಟ್ಟ. ಕೆಲಸ ಹೋಯಿತೆಂದು ನಾನು ಏಪ್ರನ್ ಬಿಚ್ಚತೊಡಗಿದೆ. ಅಷ್ಟರಲ್ಲಿ ಆತ, "ಗಂಟಲು ಕೆಟ್ಟಿರೋರೆಲ್ಲ ಲೋಟ ತಗೊಂಡು ಬನ್ರಪ್ಪಾ!" ಎಂದು ಕೂಗಿದ. ಹನ್ನೊಂದು ಜನ ನಲ್ಲಿಯ ಮುಂದೆ ಸಾಲಾಗಿ ನಿಂತು ನನ್ನ ಸೂಪನ್ನು ಗಳಗಳನೆ ಮುಕ್ಕಳಿಸಿ ಉಗಿದರು.

ಹಲ್ಲು ವಾಸಿಯಾಗಿದೆ, ಅಮ್ಮನಿಗೆ ಹೇಳು. ನಾಳೆಯೂ ಅದೇ ಸೂಪು ಬೇಕಂತೆ. ತರಕಾರಿ ಮಾತ್ರ ಹಾಕಬಾರದಂತೆ, ಮುಕ್ಕಳಿಸುವಾಗ ಅಡ್ಡ ಬರುತ್ತದಂತೆ.

ಅವಸರದಲ್ಲಿ,
ನಿನ್ನ ತಮ್ಮ