ಸೋಪಿನ ಕಾಗದದ ಮೇಲೆ ನನ್ನ ನಗು

ಮಾರ್ಚ್ 3, ಸೋಮವಾರ

ನಾನು ಈ ಸೋಪಿನ ಕಾರ್ಖಾನೆಯ ಯಜಮಾನಿ. ಓದಿದ್ದು ಹೈಸ್ಕೂಲು. ಗಂಡ ಹೋದ ಮೇಲೆ ನಡೆಸಿಕೊಂಡು ಬಂದವಳು ನಾನೇ. ಇಲ್ಲಿ ನನಗೆ ಎದುರಾಡುವವರಿಲ್ಲ, ಮಗಳೊಬ್ಬಳನ್ನು ಬಿಟ್ಟು. ಇದನ್ನೆಲ್ಲ ಬರೆಯುವ ಹಾಗಾದದ್ದು ಯಾಕೆಂದರೆ, ಡಿಸೈನ್ ಸ್ಟುಡಿಯೋದಿಂದ ಬಂದ ಜುಟ್ಟಿನ ಹುಡುಗ ಇವತ್ತು ಕೇಳಿದ— "ಅಜ್ಜೀ, ಕಂಪನೀಲಿ ನಿಮ್ಮ ರೋಲ್ ಏನು?"

"ನಿಮ್ಮಂಥವರನ್ನ ಒಳಗೆ ಬಿಡೋದು. ಹೊರಗೆ ಹಾಕೋದು."

ನಕ್ಕ. ಬರೆದುಕೊಂಡ. ಫೋಟೋ ಹೊಡೆದ. "ಅಮ್ಮಾ, ಸ್ವಲ್ಪ ನಗು," ಎಂದಳು ಮಗಳು. ನಗುವಂಥದ್ದೇನಿತ್ತು? ನಗಲಿಲ್ಲ.

ಅವಳದೇ ಹಟ ಇದು. ಸೋಪು ಸುತ್ತುವ ಹಳೆಯ ಕಾಗದವು ಅಂಗಡಿಯಲ್ಲಿ ಮಂಕಾಗಿ ಕಾಣುತ್ತದಂತೆ. ಹೊಸ ಲೋಗೋ, ಹೊಸ ಬಣ್ಣ, ಬ್ರ್ಯಾಂಡಿಂಗ್. ಮಾಡಿಸು ಎಂದೆ. ಮಂಕಾಗಿದ್ದದ್ದು ನಿಜ.

ಮಾರ್ಚ್ 21

ಅಕ್ಷರ, ಬಣ್ಣ ತೋರಿಸಿದರು. ಕಡು ನೀಲಿ. ಚೆನ್ನಾಗಿದೆ. ಹಾಗಂತ ಹೇಳಲಿಲ್ಲ, ತಲೆಯಾಡಿಸಿದೆ. ಅಷ್ಟು ಸಾಕು. ಅವತ್ತು ಹೊಡೆದ ಫೋಟೋದ ಮಾತನ್ನು ಯಾರೂ ಎತ್ತಲೇ ಇಲ್ಲ.

ಏಪ್ರಿಲ್ 14, ಸಂಜೆ

ಮೈಯೆಲ್ಲ ಉರಿಯುತ್ತಿದೆ.

ಮಗಳು ಮೊಬೈಲ್ ಹಿಡಿದು ಕುಣಿಯುತ್ತಾ ಬಂದಳು. ಸ್ಟುಡಿಯೋದವರ ವೆಬ್‌ಸೈಟು. "ನಮ್ಮ ಇತ್ತೀಚಿನ ಕೆಲಸಗಳು." ಒಂದು ಕಾಫಿ ಅಂಗಡಿ, ಒಂದು ಹಲ್ಲಿನ ಆಸ್ಪತ್ರೆ, ಒಂದು ನಾಯಿ ಬಿಸ್ಕತ್ತು, ಆಮೇಲೆ ನಾನು. ನಾಯಿ ಬಿಸ್ಕತ್ತಿನ ಪಕ್ಕ! ಸೋಪಿನ ಕಾಗದದ ತುಂಬ ನನ್ನ ಮುಖ. ಕೆನ್ನೆ ಗುಂಡಗೆ, ಬಾಯಿ ಕಿವಿಯವರೆಗೆ. ಕೆಳಗೆ— "ಅಜ್ಜಿಯ ಗುಟ್ಟಿನ ಪಾಕ. ಅಜ್ಜಿಯೇ ಕೈಯಾರೆ ಕಾಯಿಸಿದ್ದು."

ನಾನು ಕಾಯಿಸಿದ್ದೇ? ಎಣ್ಣೆಗೆ ಕಾಸ್ಟಿಕ್ ಸೋಡಾ ಎಷ್ಟು ಬೀಳಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ಪಾಕ ನನ್ನ ನಾದಿನಿಯದು, ಗಂಡನ ತಂಗಿಯದು. ಮೊದಲ ಕಡಾಯಿ ಇಟ್ಟವಳು ಅವಳು. ಈಗಲೂ ಕಾಯಿಸುವ ಕೋಣೆ ಅವಳದೇ. ಮೊಣಕೈವರೆಗೂ ಸಿಡಿದ ಕಲೆಗಳು. ನಾನು ಮಾರಿದವಳು, ಬೈದವಳು. ನನ್ನದಲ್ಲದ್ದನ್ನು ಎಂದೂ ನನ್ನದು ಎಂದವಳಲ್ಲ.

"ಯಾರೇ ಒಪ್ಪಿದ್ದು ಇದಕ್ಕೆ?"

"ನಾನೇ ಅಮ್ಮ. ಜನಕ್ಕೆ ಒಂದು ಕಥೆ ಬೇಕು. ಇಬ್ಬರು ಅಜ್ಜಿಯರಾದ್ರೆ ಕನ್‌ಫ್ಯೂಸ್ ಆಗ್ತಾರಂತೆ."

ನಾದಿನಿ ಕನ್ನಡಕ ಏರಿಸಿ ನೋಡಿದಳು. "ಅತ್ತಿಗೆ, ನೀನು ನಗೋದನ್ನ ನೋಡ್ಬೇಕಂತ ಈ ಮನೇಲಿ ಎಷ್ಟು ಕಾದಿದ್ದೆ. ಕೊನೆಗೂ ಕಂಪ್ಯೂಟರ್ ನಗಿಸ್ತು ನೋಡು." ಎಲ್ಲರೂ ನಕ್ಕರು, ಅವಳೂ. ಆಮೇಲೆ ಕೆಳಗಿನ ಬರಹ ಓದಿದಳು. ಮೊಬೈಲ್ ವಾಪಸ್ ಕೊಟ್ಟು, ಮಹಡಿಯ ಮೇಲಿನ ತನ್ನ ಕೋಣೆಗೆ ಹೋದಳು.

ಏಪ್ರಿಲ್ 15

ನಾದಿನಿ ಇಳಿದು ಬರಲಿಲ್ಲ. ಕಡಾಯಿ ತಣ್ಣಗೆ ಕೂತಿದೆ. ಹೋಗಿ ಬಾಗಿಲು ತಟ್ಟಿದೆ.

"ಹುಷಾರಿಲ್ವೇನೆ?"

"ಚೆನ್ನಾಗೇ ಇದೀನಿ. ಅಜ್ಜಿಯೇ ಕಾಯಿಸ್ತಾಳಂತಲ್ಲ, ಕಾಯಿಸಲಿ ಬಿಡು."

"ನಾನು ಹೇಳಿದೀನೇನೇ ಹಾಗಂತ?"

"ನಿನ್ನ ಮುಖ ಹೇಳ್ತಿದೆಯಲ್ಲ ಅತ್ತಿಗೆ."

ಬಾಗಿಲು ತೆರೆಯಲೇ ಇಲ್ಲ. ನನಗೆ!

ಏಪ್ರಿಲ್ 17, ರಾತ್ರಿ

ಸ್ಟುಡಿಯೋಗೆ ನಾನೇ ಹೋದೆ. ಗೋಡೆ ತುಂಬ ಬಣ್ಣದ ಚೀಟಿ. ಕೂರಲು ಕುರ್ಚಿಯ ಬದಲು ಒಂದು ಮೆತ್ತನೆಯ ಮೂಟೆ ತೋರಿಸಿದರು. ಮೂಟೆಯ ಮೇಲೆ ಕೂರುವ ವಯಸ್ಸೇ ನನ್ನದು? ನಿಂತೇ ಹೇಳಿದೆ— "ಮುಖ ತೆಗಿ. ಆ ಸುಳ್ಳನ್ನೂ ತೆಗಿ."

"ಅಜ್ಜೀ, ಎಲ್ಲಾ ಪ್ರಿಂಟಾಗಿ ಬಂದಿದೆ," ಎಂದ ಜುಟ್ಟಿನವನು. "ಅವಾರ್ಡ್‌ಗೂ ಕಳಿಸಿದೀವಿ. ಜನ ಆಗಲೇ ನಿಮ್ಮನ್ನ ಲವ್ ಮಾಡ್ತಿದಾರೆ!"

"ನನ್ನ ಕಂಡ್ರೆ ಜನ ಹೆದರ್ತಾರೆ ಕಣೋ. ಅದನ್ನ ಸಂಪಾದಿಸೋಕೆ ಒಂದು ಆಯುಷ್ಯ ಬೇಕಾಯ್ತು."

ಅದನ್ನೂ ಬರೆದುಕೊಳ್ಳಲು ಪೆನ್ನು ತೆಗೆದ. ಕಿತ್ತುಕೊಂಡು ಮೇಜಿನ ಮೇಲಿಟ್ಟು ಬಂದೆ.

ಮನೆಯಲ್ಲಿ ಮಗಳ ರಾಜಿ ಮಾತು. "ಸೋಮವಾರ ಮೊದಲ ಲೋಡ್ ಹೋಗ್ಲೇಬೇಕಮ್ಮ. ಅತ್ತೆಗೆ ನಾನು ಸಮಾಧಾನ ಹೇಳ್ತೀನಿ. ಬೇಕಾದ್ರೆ ಮುಂದಿನ ಸಲ ಹಿಂದುಗಡೆ ಒಂದು ಥ್ಯಾಂಕ್ಸ್ ಹಾಕಿಸೋಣ, ಸಣ್ಣದಾಗಿ."

ಸಣ್ಣದಾಗಿ! ಸೋದರತ್ತೆಗೆ! ಅವಳ ತೊಡೆಯ ಮೇಲೆ ಬೆಳೆದ ಹುಡುಗಿ ಆಡುವ ಮಾತೇ ಇದು? ತಟ್ಟೆ ಸರಿಸಿ ಎದ್ದೆ.

ಏಪ್ರಿಲ್ 21, ಸೋಮವಾರ, ಮಧ್ಯಾಹ್ನ

ಬೆಳಿಗ್ಗೆ ಮಗಳು ಏಳುವ ಮೊದಲೇ ಕಾಗದ ಸುತ್ತುವ ಮಿಷನ್ನಿನ ಮುಂದೆ ನಿಂತಿದ್ದೆ.

"ರೀಲು ಮಗುಚಿ ಹಾಕು," ಎಂದೆ ಮೇಸ್ತ್ರಿಗೆ.

"ಅಮ್ಮಾವ್ರೇ, ಪ್ರಿಂಟೆಲ್ಲ ಒಳಗಡೆ ಹೋಗುತ್ತಲ್ಲ?"

"ಹೋಗಲಿ. ಅಲ್ಲೇ ಹಲ್ಲು ಕಿರೀತಾ ಬಿದ್ದಿರಲಿ."

ನಾದಿನಿ ಮುಂಚೆಯೇ ಕಾಯಿಸಿಟ್ಟಿದ್ದ ಸೋಪಿಗೆ ಒಳಗೆ ಬೇರೆ ತೆಳು ಕಾಗದ ಇದ್ದೇ ಇದೆ, ಬಣ್ಣ ತಾಗುವುದಿಲ್ಲ. ಹೊರಗೆ ಬರೀ ಬಿಳಿ. ತಾರೀಕು ಒತ್ತುವ ಅಚ್ಚು ಬಿಚ್ಚಿಸಿದೆ. ಅಕ್ಷರ ಜೋಡಿಸಲು ಹೇಳಿದೆ— ಸೋಪಿನ ಹೆಸರು, ತೂಕ, ತಾರೀಕು. ಅದರಡಿ, "ಕಾಯಿಸಿದವರು" ಎಂದು ನಾದಿನಿಯ ಪೂರ್ತಿ ಹೆಸರು. ಅವಳನ್ನು ಕೇಳಲಿಲ್ಲ. ಕೇಳಿದ್ದರೆ ಬೇಡವೆನ್ನುತ್ತಿದ್ದಳು. ಒಂದೆರಡು ಅಚ್ಚು ಸೊಟ್ಟ ಬಿತ್ತು. ಇರಲಿ ಎಂದೆ.

ಮಗಳು ಓಡಿ ಬರುವಷ್ಟರಲ್ಲಿ ಲಾರಿ ತುಂಬಿ ಹೊರಟಿತ್ತು. "ಮಾನ ಕಳೆದುಬಿಟ್ಟೆಯಲ್ಲಮ್ಮ! ಬೋಳು ಸೋಪು ಯಾರು ತಗೋತಾರೆ?"

"ತಗೊಳ್ಳದಿದ್ರೆ ಬಿಡಲಿ."

"ಸ್ಟುಡಿಯೋದವರಿಗೆ ಏನಂತ ಹೇಳ್ಲಿ ನಾನು?"

"ಮುಖ ಬೇಕಂದ್ರೆ ನಿನ್ನದಿದೆಯಲ್ಲ, ಅದನ್ನ ಕೊಡು."

ಅಳುತ್ತಾ ಆಫೀಸಿನ ಬಾಗಿಲು ಹಾಕಿಕೊಂಡಿದ್ದಾಳೆ. ಅಳಲಿ.

ಒಂದು ಸೋಪನ್ನು ಮಹಡಿಗೆ ಕಳಿಸಿದ್ದೆ. ಈಗ ಮೆಟ್ಟಿಲ ಮೇಲೆ ನಾದಿನಿಯ ಹೆಜ್ಜೆ, ದಡದಡ. "ನನ್ನ ಹೆಸರನ್ನ ಯಾರನ್ನ ಕೇಳಿ ಹಾಕ್ಸಿದೆ?" ಅಂತ ಜಗಳಕ್ಕೇ ಬರುತ್ತಿರಬೇಕು. ಬರಲಿ. ಹಾಕಿಸಿ ಆಯಿತು, ಲಾರಿ ಊರಾಚೆಯ ಸೇತುವೆಯನ್ನೂ ದಾಟಿರಬೇಕು. ಬಾಗಿಲಿಗೆ ಬಂದೇ ಬಿಟ್ಟಳು—