ಬೆಲ್ಟ್ ಸರಿಸಿದ ಕೈ

ಮಗಳೇ,

ಮೊದಲು ‘ಸೊಸೆಗೆ’ ಎಂದು ಬರೆದು ಹೊಡೆದುಹಾಕಿದೆ. ಏಳು ವರ್ಷದಿಂದ ಬಾಯಿಗೆ ರೂಢಿಯಾದದ್ದನ್ನೇ ಕಾಗದದ ಮೇಲೂ ಇಡುತ್ತೇನೆ. ಫೋನಿನಲ್ಲಿ ಎರಡು ಸಲ ಹೇಳಲು ಹೋಗಿ, ಎರಡು ಸಲವೂ ‘ಊಟ ಆಯ್ತಾ’ ಎಂದು ಕೇಳಿ ಇಟ್ಟುಬಿಟ್ಟೆ. ಹಾಗಾಗಿ ಈ ಕಾಗದ.

ಬೆಳಿಗ್ಗೆ ನಿನ್ನ ಅಕ್ಕ ಫೋನ್ ಮಾಡಿದ್ದಳು. “ಹುಬ್ಬಿನ ಹೊಲಿಗೆ ಬಿಚ್ಚಿದ್ರು, ಗಾಯ ಮಾಗಿದೆ. ಆದ್ರೆ ಇವಳು ಇನ್ನು ಡ್ರಿಲ್ ಮುಟ್ಟಲ್ಲ ಅಂತಾಳೆ. ಸೋಮವಾರ ಹಲ್ಲಿನ ಲ್ಯಾಬಿಗೆ ಹೋಗಿ ಕೆಲಸ ಬಿಟ್ಟು ಬರ್ತೀನಿ ಅಂತಿದ್ದಾಳೆ. ನನ್ನ ಕೈನ ನಾನೇ ನಂಬಲ್ಲ, ಇದೊಂದೇ ಹಠ” ಎಂದಳು. ಇವತ್ತು ಶನಿವಾರ. ಸುತ್ತಿಬಳಸಲು ಸಮಯವಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಅವತ್ತು ಲೇತಿನ ಬೆಲ್ಟನ್ನು ತಪ್ಪು ಜಾಗಕ್ಕೆ ಹಾಕಿದ್ದು ನೀನಲ್ಲ. ನಾನು.

ಇಷ್ಟಕ್ಕೇ ಕಾಗದ ಮಡಿಸಿಡಬೇಡ. ಮಾವ ನನ್ನ ಸಮಾಧಾನಕ್ಕೆ ತಪ್ಪು ಹೊತ್ತುಕೊಳ್ಳುತ್ತಿದ್ದಾರೆ ಎಂದುಕೊಳ್ಳುವವಳು ನೀನು, ನಿನ್ನ ಗುಣ ಗೊತ್ತಿಲ್ಲವೇ. ಅದಕ್ಕೇ ಒಂದೊಂದನ್ನೂ ಹೇಗಾಯಿತೋ ಹಾಗೆ ಬರೆಯುತ್ತೇನೆ.

ಮರ ಕಡೆಯುವ ನನ್ನ ಹಳೆಯ ಲೇತ್ ಮೇಜಿನ ಮೇಲೆ ಕೂರುವ ಪುಟ್ಟ ಜೀವ. ಉಳಿಯ ಹಿಡಿ, ಕುರ್ಚಿಯ ಕಾಲು, ಬುಗುರಿ, ಇಷ್ಟೇ ಅದರ ಅಳತೆ. ಒಂದಾದರೂ ದೊಡ್ಡ ಬಟ್ಟಲು ಕಡೆಯಬೇಕೆಂಬ ಆಸೆಗೆ, ಅಂಗಡಿ ಮುಚ್ಚುತ್ತಿದ್ದ ಬಡಗಿಯೊಬ್ಬರಿಂದ ಈ ದೊಡ್ಡದನ್ನು ತಂದೆ. ನಾಲ್ಕು ಜನ ಹೊತ್ತು ಹಿಂದಿನ ಕೋಣೆಗೆ ಇಳಿಸಿದಾಗ ನಿನ್ನ ಅತ್ತೆ, “ಇನ್ನು ಇದರ ಜೊತೆಗೇ ಸಂಸಾರ ಮಾಡಿ” ಎಂದು ಒಳಗೆ ಹೋಗಿದ್ದಳು. ನೀನು ಮಾತ್ರ ಅದರ ಗೇರುಗಳಿಗೆ ಟಾರ್ಚ್ ಬಿಟ್ಟು ನೋಡಿ, “ಪರವಾಗಿಲ್ಲ ಮಾವ, ನಿಮ್ಮ ಹಲ್ಲಿಗಿಂತ ಇದರ ಹಲ್ಲು ಗಟ್ಟಿ ಇದೆ” ಎಂದೆ. ದಿನವಿಡೀ ಲ್ಯಾಬಿನಲ್ಲಿ ಯಾರ್‍ಯಾರದೋ ಬಾಯಿಗೆ ಹಲ್ಲಿನ ಸೆಟ್ ಮಾಡಿ ದಣಿದು ಬಂದವಳು, ಎರಡು ವಾರ ಸೀಮೆಎಣ್ಣೆಯಲ್ಲಿ ಅದರ ತುಕ್ಕು ಉಜ್ಜಿದೆ.

ಅವಘಡದ ಹಿಂದಿನ ಸಂಜೆ ಹೊಸ ಬೆಲ್ಟ್ ಹಾಕಿದವಳೂ ನೀನೇ. ಪುಲ್ಲಿ ಚಕ್ರದ ಒಂದು ಮೆಟ್ಟಿಲಿಗೆ ಹಾಕಿದರೆ ಮರ ನಿಧಾನ ತಿರುಗುತ್ತದೆ, ಇನ್ನೊಂದಕ್ಕೆ ಹಾಕಿದರೆ ಜೋರು. ದೊಡ್ಡ ಕೊರಡಿಗೆ ಯಾವಾಗಲೂ ನಿಧಾನದ ಮೆಟ್ಟಿಲೇ ಎಂದು ನಾನೇ ಹೇಳಿಕೊಟ್ಟಿದ್ದೆ. ನೀನು ಕಣ್ಣಿಟ್ಟು ನೋಡಿ, ಕೈಯಲ್ಲಿ ತಿರುಗಿಸಿ, ಸುತ್ತು ಎಣಿಸಿ ಹಾಕಿದ್ದೆ.

ಮರುದಿನ ಬೆಳಿಗ್ಗೆ ನಾನು ಬೆಲ್ಟಿನ ಮುಚ್ಚಳ ಅರ್ಧ ಎತ್ತಿ, ನೋಡದೆ, ಒಳಗೆ ಕೈ ತೂರಿಸಿದೆ. ಹಳೆಯ ಲೇತಿನಲ್ಲಿ ಬೆಲ್ಟ್ ಬಲಕ್ಕಿದ್ದರೆ ನಿಧಾನ. ಯಾರೂ ಕಲಿಸಿದ್ದಲ್ಲ, ಮೂವತ್ತು ವರ್ಷದಲ್ಲಿ ಬೆರಳಿಗೆ ತಾನಾಗಿ ಅಂಟಿದ ಪಾಠ. ಬೆಲ್ಟ್ ಎಡಕ್ಕಿತ್ತು. ಪಾಪ, ತಪ್ಪಿ ಹಾಕಿದ್ದಾಳೆ, ಹೇಳಿ ನೋಯಿಸುವುದು ಯಾಕೆ ಎಂದುಕೊಂಡೆ. ಯಾರಿಗೂ ತಿಳಿಯದಂತೆ ನಿನ್ನ ತಪ್ಪು ತಿದ್ದುತ್ತಿದ್ದೇನೆ ಎಂಬ ದೊಡ್ಡತನ ಬೇರೆ! ಮೋಟಾರನ್ನು ತುಸು ಎತ್ತಿ ಹಿಡಿದು, ಸಡಿಲವಾದ ಬೆಲ್ಟನ್ನು ಬಲಕ್ಕೆ ಸರಿಸಿದೆ. ಮುಚ್ಚಳ ಹಾಕಿ, ಬಟ್ಟಲಿನ ಕೊರಡು ಬಿಗಿದೆ. ಈ ಲೇತಿನಲ್ಲಿ ಎಡಬಲ ತಿರುಗುಮುರುಗು ಎಂಬುದು ನನ್ನ ಬೆರಳಿಗೆ ಗೊತ್ತಿರಲಿಲ್ಲ, ಕಣ್ಣನ್ನು ನಾನು ಕೇಳಲಿಲ್ಲ.

ಸ್ವಿಚ್ ಒತ್ತಿದ ಕೂಡಲೇ ಸದ್ದು ಬೇರೆಯಾಗಿತ್ತು. ಅಡಿ ಅಗಲದ ಕೊರಡು, ಅದರ ಅಂಚೇ ಕಾಣದಷ್ಟು ಜೋರು. ಲೇತ್ ನೆಲ ಬಿಟ್ಟು ಕುಣಿಯತೊಡಗಿತು. ಹೆದರಿ ಹಿಂದೆ ಸರಿದೆನಲ್ಲ, ಅದೇ ನಾನು ಸಿಕ್ಕಿಬಿದ್ದ ಜಾಗ. ಹಳೆಯದರ ಸ್ವಿಚ್ ನನ್ನ ಮಂಡಿಯ ಬಳಿ ಇತ್ತು, ಇದರದ್ದು ಕೊರಡಿನ ಆಚೆ. ಕೈ ಚಾಚಿದರೆ ಕೈ ಹೋಗುತ್ತದೆ. ಬಾಗಿಲಿಗೆ ಓಡಬೇಕೆಂದರೆ ಕೊರಡಿನ ಎದುರಿಗೇ ಹಾಯಬೇಕು. ಗೋಡೆಗೆ ಬೆನ್ನು ಒತ್ತಿ ನಿಂತೆ. ಕೂಗಿದೆನೋ ಇಲ್ಲವೋ ನೆನಪಿಲ್ಲ.

ನೀನು ಹೆಗಲ ಮೇಲೆ ಒದ್ದೆ ಬಟ್ಟೆ ಹೊತ್ತೇ ಅಂಗಳದಿಂದ ಓಡಿ ಬಂದೆ. ನಿನಗೂ ಆ ಕೊರಡು ಕಾಣುತ್ತಿತ್ತು. ಆದರೂ ಅದರ ನೇರಕ್ಕೆ ನಿಂತು, ಬಾಗಿಲ ಪಕ್ಕದ ಮೇನ್ ಸ್ವಿಚ್ ಎಳೆದೆ. ವೇಗ ಇಳಿಯುವ ಮುಂಚೆಯೇ ಮರ ಸೀಳಿತು. ಒಂದು ಹೋಳು ಕಿಟಕಿಗೆ, ಇನ್ನೊಂದು ನಿನ್ನ ಹುಬ್ಬಿಗೆ. ಎರಡು ಬೆರಳು ಕೆಳಗೆ ಬಿದ್ದಿದ್ದರೆ ಕಣ್ಣು. ಅದನ್ನು ನಾನು ದಿನವೂ ನನ್ನದೇ ಮುಖದ ಮೇಲೆ ಅಳೆದು ನೋಡುತ್ತೇನೆ.

ಆಮೇಲೆ ನಿನ್ನ ಗಂಡ ಓಡಿಬಂದು, ನಿನ್ನ ಹಣೆಗೆ ಬಟ್ಟೆ ಒತ್ತಿ, ಮುಚ್ಚಳ ತೆಗೆದು ನೋಡಿದ. “ಇದು ಜೋರಿನ ಮೆಟ್ಟಿಲಲ್ಲಿದೆ. ಯಾರು ಹಾಕಿದ್ದು?” ಎಂದ. ನನಗೆ ತಿಳಿದದ್ದು ಆಗ, ಆ ಮಾತಿನಲ್ಲೇ. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಅಂದೆ: “ನಾನೇ ಹಾಕಿದ್ದು ಕಣ್ರೀ. ಸರಿಯಾಗೇ ಹಾಕಿದ್ದೀನಿ ಅಂದ್ಕೊಂಡಿದ್ದೆ.”

ತೆರೆದ ಬಾಯಿ ಮುಚ್ಚಿದೆ. ಮೊದಲು ಆಸ್ಪತ್ರೆ, ಮಾತು ಆಮೇಲೆ ಎಂದು ನನಗೆ ನಾನೇ ಹೇಳಿಕೊಂಡೆ. ಆಸ್ಪತ್ರೆಯಿಂದ ಬಂದ ಮೇಲೆ ನಿನ್ನ ಅತ್ತೆ, “ಕಲಿಯೋರ ಕೈಗೆ ಅಂಥದ್ದನ್ನ ಕೊಡಬಾರದಿತ್ತು” ಎಂದಳು. ನೀನು ತಲೆತಗ್ಗಿಸಿ ಕೂತಿದ್ದೆ. ಆಗಲೂ ಸುಮ್ಮನಿದ್ದೆ. ಮರುದಿನ ಅಕ್ಕನ ಮನೆಗೆ ಹೊರಟವಳು ಬಾಗಿಲಲ್ಲಿ ನಿಂತು, “ಮಾವ, ನಿಮ್ಮನ್ನ ಸಾಯಿಸಿಬಿಡ್ತಿದ್ದೆನಲ್ಲ” ಎಂದು ಕಣ್ಣೀರಿಟ್ಟೆ. ನಾನು ನಿನ್ನ ತಲೆ ಸವರಿದೆ. ಸವರಿ, ಸುಮ್ಮನಿದ್ದೆ! ಹೆದರಿಕೆ ಏನೆಂದು ಕೇಳಿದರೆ ಹೇಳಲು ನಾಚಿಕೆ: ಮುದುಕನಾದ, ಇವನ ಕೈ ಸರಿಯಿಲ್ಲ, ಇನ್ನು ಉಳಿ ಮುಟ್ಟಕೂಡದು ಎಂದು ಮನೆಯವರು ಕೋಣೆಗೆ ಬೀಗ ಹಾಕಿಬಿಟ್ಟಾರು ಎಂದು. ಅದೊಂದನ್ನು ಉಳಿಸಿಕೊಳ್ಳಲು ನಿನ್ನ ಕೈಯನ್ನು ಬಲಿ ಕೊಡುತ್ತಿದ್ದೆ. ಇದೆಲ್ಲ ಕಳೆದು ಇವತ್ತಿಗೆ ಹನ್ನೊಂದು ದಿನ.

ಅಕ್ಕನ ಫೋನ್ ಇಟ್ಟವನೇ ಇಬ್ಬರನ್ನೂ ಕೂರಿಸಿ ಎಲ್ಲ ಹೇಳಿದೆ. ನಿನ್ನ ಗಂಡ ಎದ್ದುಹೋದ. ನಿನ್ನ ಅತ್ತೆ, “ಅಲ್ರೀ, ಆ ಫೋನ್ ಬರದೇ ಇದ್ದಿದ್ರೆ?” ಎಂದಳು. ನಿನಗೆ ಸುಳ್ಳು ಹೇಳಲಾರೆ. ಬಹುಶಃ ಇನ್ನೂ ಸುಮ್ಮನಿರುತ್ತಿದ್ದೆ.

ಕೋಣೆಗೆ ಬೀಗ ಬಿದ್ದಿದೆ, ಕೀಲಿ ನಿನ್ನ ಅತ್ತೆಯ ಬಳಿ. ಸರಿಯಾಗಿಯೇ ಮಾಡಿದ್ದಾಳೆ, ಅದಕ್ಕಾಗಿ ನೀನು ಅವಳ ಹತ್ತಿರ ನನ್ನ ಪರ ಮಾತಾಡಬೇಡ. ನನ್ನನ್ನು ಕ್ಷಮಿಸುವುದೂ ಬಿಡುವುದೂ ಆಮೇಲಿನ ಮಾತು, ಅವಸರವಿಲ್ಲ. ಅವಸರ ಇರುವುದು ಒಂದಕ್ಕೇ. ಸೋಮವಾರ ಲ್ಯಾಬಿಗೆ ಹೋಗು, ಕೆಲಸ ಬಿಡಲಿಕ್ಕಲ್ಲ, ಮಾಡಲಿಕ್ಕೆ. ಮೊದಲ ದಿನ ಕೈ ನಡುಗೀತು, ನಡುಗಲಿ. ಕಣ್ಣಿಟ್ಟು ನೋಡಿ, ಎಣಿಸಿ, ಸರಿಯಾಗಿ ಹಾಕಿದ ಕೈ ಅದು. ಮನೆಯಲ್ಲಿ ತಪ್ಪಿದ್ದು ಒಂದೇ ಕೈ, ಈ ಅಕ್ಷರ ಬರೆಯುತ್ತಿರುವುದು.

ನಿನ್ನ ಗಂಡ ನಿನ್ನಲ್ಲಿಗೆ ಹೊರಟು, ಗೇಟಿನ ಬಳಿ ಬೈಕ್ ಶುರುಮಾಡಿಕೊಂಡು ನಿಂತಿದ್ದಾನೆ, ನನ್ನ ಮುಖ ನೋಡುತ್ತಿಲ್ಲ. ಕಾಗದ ಅಂಟಿಸದೆ ಕೊಡುತ್ತೇನೆ. ದಾರಿಯಲ್ಲಿ ಅವನೂ ಓದಲಿ.

ನಿನ್ನ ಕೈಗೆ ಯಾವ ಕಾಲಕ್ಕೂ ಕೆಲಸ ತಪ್ಪದಿರಲಿ, ನಿನ್ನ ಕಣ್ಣು ನೂರು ವರ್ಷ ಚೆನ್ನಾಗಿರಲಿ ಎಂದು ಹಾರೈಸುವ,

ನಿನ್ನ ಮುಂದೆ ತಲೆತಗ್ಗಿಸಿ ನಿಂತಿರುವ
ಮಾವ